ದೊಡ್ಡಮ್ಮನ ಎಡಗೈ, ನನ್ನ ಜೀವಕೋಶ ಪುರಾಣ

ಯಗಟಿಯಲ್ಲಿ ನಮ್ಮ ದೊಡ್ಡಮ್ಮ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಳು. ಬಲಗೈ ಆಗಿದ್ದರೆ ಇಷ್ಟು ರಂಪ ಆಗುತ್ತಿರಲಿಲ್ಲ. ದಿನವೂ ಸ್ನಾನ ಮಾಡಿ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟು ಪೂಜಿಸಿದ ಮೇಲೇ ಅವಳ ಬಾಯಿಗೆ ತುತ್ತು. ಮದುವೆಗೂ ಮುಂಚಿನ ರೂಢಿ ಅದು. ಈಗ ಆ ಅಂಗೈ ಪ್ಲಾಸ್ಟರಿನೊಳಗೆ.

ಮಠದ ಅಯ್ಯನವರು, "ಬಲಗೈಲೇ ಇಟ್ಕೊಳ್ಳಿ ತಾಯಿ, ಶಿವ ಬ್ಯಾಡ ಅಂತಾನಾ?" ಎಂದರು. ಹಾಗೆಯೇ ಮಾಡಿದಳು. ಆದರೆ ವಿಭೂತಿ ಹಚ್ಚಿ ಹೂ ಏರಿಸುವುದಕ್ಕೆ ನನ್ನ ಕೈ ಬೇಕಾಯಿತು. "ಎರವಲು ಕೈಯ ಪೂಜೆ," ಎಂದು ಗೊಣಗುವಳು. ದಿನಕ್ಕೆ ಹತ್ತು ಸಲ ಒಂದೇ ಪ್ರಶ್ನೆ: "ಈ ಕೈ ಮೊದಲ್ನಂಗೆ ಲಿಂಗ ಹಿಡೀತೈತೇನೇ?"

ನಾನು ಕಡೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವಳು. ಸಾಲದ್ದಕ್ಕೆ ಮೂಳೆಯ ಜೀವಕೋಶಗಳ ಮೇಲೇ ಪಿಎಚ್‌ಡಿ ಮಾಡುತ್ತಿದ್ದೆ. ಕೈ ಮುರಿದುಕೊಂಡು ಮನೆಯಲ್ಲೇ ಕೂತ ಶ್ರೋತೃ ಸಿಕ್ಕರೆ ಬಿಡುತ್ತೇನೆಯೇ? ಒಂದು ಭಾನುವಾರ ಅವರೆಕಾಯಿ ಸುಲಿಯುತ್ತಾ ಆಟೋಫೇಜಿ ಪುರಾಣ ತೆಗೆದೆ. ಕೋಶವು ತನ್ನೊಳಗಿನ ಹಳತು, ಕೆಟ್ಟಿದ್ದನ್ನೆಲ್ಲ ತಾನೇ ತಿಂದು ಕರಗಿಸಿಕೊಳ್ಳುತ್ತದೆ ಎಂದೆ.

"ಅಯ್ಯೋ, ಬೇಲಿನೇ ಎದ್ದು ಹೊಲ ಮೇದಂಗಾಯ್ತಲ್ಲೇ!"

"ಅಲ್ಲ ದೊಡ್ಡಮ್ಮ, ಹಳೇ ಸೀರೆ ಹರಿದು ಕೌದಿ ಹೊಲೀತೀಯಲ್ಲ, ಹಂಗೆ. ಕರಗಿದ್ದನ್ನ ಮತ್ತೆ ಬಳಸ್ಕೊಂತವೆ. ಮೂಳೆ ಕಟ್ಟೋ ಕೋಶಕ್ಕೂ ಇದು ಬೇಕು, ಮೂಳೆಯೊಳಗೆ ಹುದುಗಿ ವರ್ಷಗಟ್ಟಲೆ ಬದುಕೋ ಕೋಶಕ್ಕೂ ಬೇಕು. ಇಲ್ದಿದ್ರೆ ಕಸ ತುಂಬ್ಕೊಂಡು ಸೊರಗ್ತವೆ."

ಅಲ್ಲಿಗೆ ಬಾಯಿ ಮುಚ್ಚಿದ್ದರೆ ನಾನು ಜಾಣೆ. "ಹಸಿದಾಗ ಈ ಕೆಲಸ ಇನ್ನೂ ಜೋರಾಗಿ ನಡೀತೈತೆ," ಎಂದುಬಿಟ್ಟೆ.

"ಅದಕ್ಕೇ ಕಣೇ ಹಿರೀಕರು ಸೋಮವಾರದ ಉಪವಾಸ ಇಟ್ಟಿದ್ದು!"

ನನಗೂ ಖುಷಿಯೋ ಖುಷಿ. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಇದನ್ನೇ ಹೇಳಿಕೊಂಡು ಬೀಗಿದೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುವವಳು ನಾನು. "ಉಂಡ್ಯಾ?" ಎಂದರೆ "ಆಯ್ತು ಕಣೇ" ಎನ್ನುತ್ತಿದ್ದಳು, ನಂಬಿದೆ.

ಆರು ವಾರವಾದ ಮೇಲೆ ಕಡೂರಿನಲ್ಲಿ ಎಕ್ಸ್‌ರೇ ತೆಗೆಸಿದರೆ ಮೂಳೆ ಸರಿಯಾಗಿ ಕೂಡಿರಲೇ ಇಲ್ಲ. ಡಾಕ್ಟರು ಅವಳ ಬತ್ತಿದ ಕೆನ್ನೆ ನೋಡಿ, "ಊಟ ಹೆಂಗೆ ಮಾಡ್ತೀರಮ್ಮ?" ಎಂದು ಕೇಳಿದರು.

ದೊಡ್ಡಮ್ಮ ಹೆಮ್ಮೆಯಿಂದ ಹೇಳಿದಳು: "ಸೋಮವಾರ ಮೊದಲಿಂದ್ಲೂ ಉಪವಾಸ ಸಾರ್. ಈಗ ಬುಧವಾರ, ಶುಕ್ರವಾರನೂ ಸೇರಿಸ್ಕೊಂಡಿದೀನಿ. ಮಿಕ್ಕಿದ ದಿನ ಒಂದೊತ್ತು. ಹಸಿದಷ್ಟೂ ಮೂಳೆ ಗಟ್ಟಿಯಂತೆ, ನಮ್ಮ ಹುಡುಗಿ ಹೇಳಿದ್ಲು."

ಡಾಕ್ಟರು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ನೀವೇನು ಓದಿರೋದು?"

"ಮೂಳೆ..." ಎಂದೆ.

"ಕಸ ಗುಡಿಸಿದ್ರೆ ಗೋಡೆ ಏಳಲ್ಲ ಕಣ್ರೀ, ಇಟ್ಟಿಗೆನೂ ಬೇಕು. ಕಾಳು, ಹಾಲು, ಮುದ್ದೆ ಹಾಕಿ ಅವರಿಗೆ," ಎಂದು ಮತ್ತೊಂದು ತಿಂಗಳು ಪ್ಲಾಸ್ಟರ್ ಹಾಕಿಸಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ರೇಗಿದೆ. "ವಾರಕ್ಕೆ ಮೂರು ದಿನ ಉಪವಾಸ ಇರು ಅಂತ ಯಾರು ಹೇಳಿದ್ರು ನಿನಗೆ?"

"ನೀನೇ ಕಣೇ," ಎಂದಳು. ಆಮೇಲೆ ಮೆಲ್ಲಗೆ, "ಲಿಂಗ ಬೇಗ ಕೈಗೆ ಬರ್ಲಿ ಅಂತ ಮಾಡ್ದೆ. ಇನ್ನು ಬರಲ್ವೇನೇ?" ಎಂದಳು.

ಬಸ್ಸಿನ ತುಂಬ ನಮ್ಮೂರಿನವರೇ. ಆದರೂ ಅತ್ತುಬಿಟ್ಟೆ. ನನ್ನ ಓದಿಗೆ ಬೆಂಕಿ ಬೀಳ, ಅನ್ನಿಸಿತು.

ಆ ತಿಂಗಳು ಪುರಾಣ ಬಂದ್. ಬೆಳಿಗ್ಗೆ ಎದುರಿಗೆ ಕೂತು ಮುದ್ದೆ, ಹುರುಳಿ ಸಾರು ಉಣ್ಣಿಸಿ, ಲೋಟದ ತಳ ಕಾಣುವವರೆಗೂ ಹಾಲು ಕುಡಿಸಿಯೇ ಬಸ್ಸು ಹತ್ತುತ್ತಿದ್ದೆ. ಎರಡು ಸಲ ಬಸ್ಸು ತಪ್ಪಿತು. "ಎಮ್ಮೆಗೆ ಹಿಂಡಿ ಇಟ್ಟಂಗೆ ಇಡ್ತೀಯಲ್ಲೇ," ಎಂದು ಬೈದುಕೊಂಡೇ ತಿಂದಳು. ಸೋಮವಾರ ಮಾತ್ರ ಹಾಲು, ಹಣ್ಣಿಗೆ ರಾಜಿಯಾದೆವು.

ಮೂಳೆ ಕೂಡಿತು. ಪ್ಲಾಸ್ಟರ್ ಬಿಚ್ಚಿದ ಮರುದಿನ ಮಡಿಯುಟ್ಟು ಕೂತಳು. ತೋಳು ಸೊರಗಿತ್ತು. ಲಿಂಗವನ್ನು ಎಡ ಅಂಗೈಗಿಟ್ಟುಕೊಂಡಳು; ಕೈ ಅದುರಿತು. "ಬಾರೇ, ಕೆಳಗೆ ನಿನ್ ಕೈ ಇಡು," ಎಂದಳು. ಅವಳ ಕೈ ಕೆಳಗೆ ನನ್ನ ಅಂಗೈ ಕೊಟ್ಟು ಕೂತೆ. ಬಲಗೈಯಿಂದ ತಾನೇ ವಿಭೂತಿ ಹಚ್ಚಿದಳು, ತಾನೇ ಹೂ ಏರಿಸಿದಳು.

"ಅಲುಗಾಡ್ಬೇಡ ಕಣೇ," ಎಂದಳು ಲಿಂಗದಿಂದ ಕಣ್ಣು ತೆಗೆಯದೆ. "ನನ್ದು ನಿಂತೈತೆ. ಈಗ ನಡುಗ್ತಿರೋದು ನಿನ್ ಕೈ."