ಲಾರಿಯ ಹಿಂದಿನ ನಂಬರು

ಅದು ನಡೆಯುವ ಹಿಂದಿನ ದಿನ ಸಂಜೆ ನಮ್ಮವರು ಮನೆಗೆ ಬಂದಾಗ ಹುಬ್ಬು, ಮೀಸೆ, ಕಿವಿ ಎಲ್ಲ ಬೆಳ್ಳಗಿತ್ತು. ಜಲ್ಲಿ ಕ್ರಷರಿನ ಧೂಳು. ದಿನಾ ಹಾಗೇ ಬರುತ್ತಿದ್ದರು.

"ಬೆಳಿಗ್ಗೆ ಹೋದೋರು ಸಂಜೆಗೆ ಮುದುಕ ಆಗ್ಬಿಟ್ರಲ್ಲ," ಅಂದೆ.

"ಬಿಸಿನೀರು ಕೊಡೇ, ಮತ್ತೆ ಮದುಮಗ ಆಗ್ತೀನಿ," ಅಂದರು.

ಮುಖ ತೊಳೆದರು, ಉಂಡರು, ಮಲಗಿದರು. ಆ ದಿನದ ಬಗ್ಗೆ ಹೇಳಲು ಬೇರೇನೂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಕ್ರಷರಿನ ಗೇಟಿನ ಹತ್ತಿರ ಲಾರಿ ತೂಕ ಮಾಡುವುದು ಅವರ ಕೆಲಸ. ನೆಲಕ್ಕೆ ಹಾಸಿದ ಉದ್ದನೆಯ ಕಬ್ಬಿಣದ ಹಲಗೆಯ ಮೇಲೆ ಲಾರಿ ಬಂದು ನಿಲ್ಲುತ್ತದೆ. ಪಕ್ಕದ ತಗಡಿನ ಕೋಣೆಯಲ್ಲಿ ಇವರು ಕೂತಿರುತ್ತಿದ್ದರು. ಲಾರಿಯ ತೂಕ, ಅದರ ಹಿಂದಿನ ನಂಬರು, ಎರಡೂ ಲ್ಯಾಪ್‌ಟಾಪಿನಲ್ಲಿ ಬರುತ್ತಿದ್ದವು. ನಂಬರು ಹಿಡಿಯಲು ಕಂಬದ ಮೇಲೊಂದು ಕ್ಯಾಮೆರಾ. ಇವರು ಚೀಟಿ ಕೊಟ್ಟರೆ ಲಾರಿ ಹೊರಗೆ. ಡ್ರೈವರುಗಳು ತೂಕದಣ್ಣ ಅಂತ ಕರೆಯುತ್ತಿದ್ದರು.

ಲ್ಯಾಪ್‌ಟಾಪಿಗೂ ಧೂಳು ಹೊಗುತ್ತಿತ್ತು. ಬಾಗಿಲಿಗೆ ಬಣ್ಣ ಬಳಿದು ಉಳಿದಿದ್ದ ಒಂದು ಬ್ರಷ್ ಇತ್ತು. ಬೆಳಿಗ್ಗೆ ಹೋದ ಕೂಡಲೇ ಅದರಿಂದ ಅಕ್ಷರದ ಗುಂಡಿಗಳ ಸಂದು, ಗಾಳಿಯಾಡುವ ಕಿಂಡಿ ಗುಡಿಸುತ್ತಿದ್ದರು. ಆದರೂ ಆ ಬೇಸಗೆಯಲ್ಲಿ ಅದು ಕುಲುಮೆಯ ಹಾಗೆ ಕಾದು ತಾನೇ ಆರಿಹೋಗುತ್ತಿತ್ತು. ಮಾಲೀಕರಿಗೆ ಹೇಳಿದರೆ, "ನಡೆಯೋವರೆಗೂ ನಡೆಸಪ್ಪ. ಮನುಷ್ಯರೇ ಕಾಯಿಲೆ ಇಟ್ಕೊಂಡು ದುಡೀತಾರೆ," ಅಂದರಂತೆ.

ಆ ಸಂಜೆಯ ಮಾರನೆಯ ದಿನ ಲ್ಯಾಪ್‌ಟಾಪ್ ಸತ್ತೇಹೋಯಿತು. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದಾಗ ಲಾರಿಗಳ ಸಾಲು ರಸ್ತೆಯ ತಿರುವಿನವರೆಗೂ ನಿಂತಿತ್ತು. ಹಾರ್ನೋ ಹಾರ್ನು. ತೂಕವೇನೋ ಗೋಡೆಯ ಡಬ್ಬದಲ್ಲಿ ಕೆಂಪಗೆ ಕಾಣುತ್ತಿತ್ತು. ನಂಬರು ಕಾಣುತ್ತಿರಲಿಲ್ಲ. ಮುಂದಿನ ನಂಬರು ಅರ್ಧಕ್ಕರ್ಧ ಲಾರಿಗಳಿಗೆ ಮುರಿದಿರುತ್ತದೆ. ಅದಕ್ಕೆ ಇವರು ಪ್ರತಿ ಲಾರಿಯ ಹಿಂದಕ್ಕೆ ಹೋಗಿ, ಬಟ್ಟೆಯಲ್ಲಿ ಧೂಳು ಒರೆಸಿ, ನಂಬರು ಓದಿ, ಓಡಿ ಬಂದು ಕೈಯಲ್ಲಿ ಚೀಟಿ ಬರೆಯುತ್ತಿದ್ದರು.

"ಗೇಟು ಹಾಕಿ ಕೂತ್ಕೊಳ್ರೀ. ಕೆಟ್ಟಿರೋದು ನಿಮ್ಮಪ್ಪನ ಮನೆ ಲ್ಯಾಪ್‌ಟಾಪಾ?" ಅಂದೆ.

"ಲಾರಿ ನಿಲ್ಲಿಸಬೇಡ ಅಂತ ಮಾಲೀಕರು ಫೋನ್ ಮಾಡಿದಾರೆ ಕಣೇ. ಸಂಜೆಗೆ ರಿಪೇರಿಯೋನು ಬರ್ತಾನಂತೆ."

"ಉಂಡಾದ್ರೂ ಹೋಗಿ."

"ಈ ಸಾಲು ಕಳಿಸಿ ಉಣ್ತೀನಿ. ಅಲ್ಲಿಡು."

ಒಬ್ಬ ಡ್ರೈವರು ತಲೆ ಹೊರಗೆ ಹಾಕಿ ಕೂಗಿದ: "ತೂಕದಣ್ಣ, ಅಕ್ಕನ ಜೊತೆ ಸಂಸಾರ ಮನೇಲಿ ಮಾಡು, ಇಲ್ಲಿ ಚೀಟಿ ಕೊಡು!"

ಇವರು ನಕ್ಕು, ಬಟ್ಟೆ ಕೊಡವಿಕೊಂಡು ಹೋದರು. ಆ ಬೆನ್ನೇ ನಾನು ಕಡೆಗೆ ನೋಡಿದ್ದು.

ಮನೆ ಮುಟ್ಟುವ ಮೊದಲೇ ಕರೆಯಲು ಬಂದರು. ಹಲಗೆಯ ಮೇಲೆ ನಿಂತ ಲಾರಿಯ ನಂಬರು ಒರೆಸಲು ಇವರು ಬಗ್ಗಿದ್ದಾರೆ. ಮುಂದಿನದು ಹೊರಟಿತು ಅಂದುಕೊಂಡು ಹಿಂದಿನ ಲಾರಿಯವನು ಬ್ರೇಕು ಬಿಟ್ಟಿದ್ದಾನೆ. ಎರಡರ ನಡುವೆ ಸಿಕ್ಕಿದರು. ಅದಕ್ಕಿಂತ ಹೆಚ್ಚು ಬರೆಯಲಾರೆ.

ತಮಾಷೆ ಮಾಡಿ ಕೂಗಿದ್ದನಲ್ಲ, ಅವನೇ. ನೆಲದಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತಿದ್ದ. "ಕಾಣಲಿಲ್ಲ ಅಕ್ಕ. ಧೂಳಲ್ಲಿ ಧೂಳಾಗಿದ್ರು." ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಕೋಣೆಯಲ್ಲಿ ಬುತ್ತಿ ಇಟ್ಟ ಹಾಗೇ ಇತ್ತು.

ಅವರನ್ನು ಮಣ್ಣು ಮಾಡಿದ ಮಾರನೆಯ ದಿನವೇ ಹೊಸ ಲ್ಯಾಪ್‌ಟಾಪ್ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ಮಾಲೀಕರು ಮನೆಗೆ ಬಂದು, "ಗುಡಿಸೋ ಕೆಲಸ ಇದೆ, ಬಾಮ್ಮ," ಅಂದರು.

ನಾದಿನಿ ಕೆಂಡವಾದಳು. "ಅಣ್ಣನ್ನ ನುಂಗಿದ ಜಾಗಕ್ಕೆ ಹೋಗ್ತೀಯಾ ಅತ್ತಿಗೆ?"

"ಹೊಟ್ಟೆಗೆ ಅದೆಲ್ಲ ಗೊತ್ತಾಗುತ್ತೇನೇ?" ಅಂದೆ. ಹೋದೆ.

ಅವರ ಕುರ್ಚಿಯಲ್ಲಿ ಈಗ ಬೇರೆಯವನು ಕೂರುತ್ತಾನೆ. ಹೋದ ತಿಂಗಳು ಅವನಿಗೆ ಮಗಳು ಹುಟ್ಟಿದಳು. ನಾನು ಮಾಲೀಕರನ್ನು ಒಂದೇ ಮಾತು ಕೇಳಿದೆ. "ಈ ಲ್ಯಾಪ್‌ಟಾಪೂ ಕೆಟ್ಟರೆ ಆ ದಿನ ಗೇಟು ಹಾಕಿಸ್ತೀರಾ?"

"ಹೊಸದು, ಕೆಡಲ್ಲ ಬಿಡಮ್ಮ," ಅಂದರು. ಹಾಕಿಸುತ್ತೇನೆ ಅನ್ನಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗುತ್ತೇನೆ. ಅವರ ಬ್ರಷ್ ತೆಗೆದು ಗುಂಡಿಗಳ ಸಂದು, ಗಾಳಿಯಾಡುವ ಕಿಂಡಿ ಗುಡಿಸುತ್ತೇನೆ. ನೆಲ ಆಮೇಲೆ.