ಗೋಡೆಯಾಚೆಯ ಹೂಂ

ಮೊನ್ನೆ ನಿಮ್ಮ ಪುಟ್ಟ ತಂಗಿಗೆಂದು ಮಾಟುಂಗದ ಅಂಗಡಿಯಿಂದ ಬಜೆ ತರಿಸಿದೆವು. ಪೊಟ್ಟಣ ಬಿಚ್ಚಿ ಬೇರನ್ನು ಸಾಣೆಕಲ್ಲಿನ ಮೇಲೆ ತೇಯುತ್ತಿದ್ದಂತೆ ಆ ಘಾಟು ವಾಸನೆ ಅಡುಗೆಮನೆ ತುಂಬಿತು. "ಅಜ್ಜಿ, ಯೇ ಕ್ಯಾ ಹೈ?" ಎಂದು ಮೊಮ್ಮಕ್ಕಳು ನೀವು ಮೂಗು ಮುಚ್ಚಿಕೊಂಡು ಕೇಳಿದಿರಿ. ಕೂಸಿಗೆ ನೆಕ್ಕಿಸಿದರೆ ಮಾತು ಚೆನ್ನಾಗಿ ಬರುತ್ತದೆ ಎಂದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎದುರು ಕೂತು ಹೇಳುವುದು ನನಗೆ ಆಗುವುದಿಲ್ಲ, ನಿಮಗೆ ಗೊತ್ತೇ ಇದೆ.

ನಾವು ವಡಾಲದ ಚಾಳಿನಲ್ಲಿದ್ದಾಗ ಪಕ್ಕದ ಒಂದೇ ಕೋಣೆಯ ಖೋಲಿಯಲ್ಲಿ ವಿಜಯಪುರದ ಕಡೆಯವಳೊಬ್ಬಳು ಇದ್ದಳು. ನನಗಿಂತ ಬಹಳ ಚಿಕ್ಕವಳು. ಗಂಡ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ. ಒಬ್ಬಳೇ ಮಗಳು, ಆಗ ಮೂರು ತುಂಬಿತ್ತು. ಹುಡುಗಿ ಮಾತಾಡುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಸ್ಟೀಲಿನ ಮುಚ್ಚಳವೊಂದನ್ನು ನೆಲದ ಮೇಲೆ ತಿರುಗಿಸಿ, ಅದು ಗಿರಗಿರನೆ ಸುತ್ತಿ ಮಲಗುವವರೆಗೂ ಕೆನ್ನೆಯನ್ನು ನೆಲಕ್ಕೆ ಹಚ್ಚಿ ನೋಡುತ್ತಿದ್ದಳು. ಕುಕ್ಕರ್ ಕೂಗಿದರೆ ಎರಡೂ ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು... ತಾಯಿ ಪ್ರತಿ ಬೆಳಿಗ್ಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಿದ್ದಳು.

ಆ ತಾಯಿಯೋ ಮಾತಿನ ಮಲ್ಲಿ. ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ದಿನವಿಡೀ ಆಕೆಯ ಮಾತು ನನ್ನ ಮನೆಗೆ ಬರುತ್ತಿತ್ತು. "ಯವ್ವಾ, ಎದ್ದೇನ? ನೋಡಲ್ಲಿ, ಕಾಗಿ ನಿನ್ನ ರೊಟ್ಟಿ ಕೇಳಾಕ ಬಂದೈತಿ. ಕೊಡೂಣೇನ? ಬ್ಯಾಡಾ? ಹಂಗಾರ ನೀನ ತಿನ್ನು." ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ನೀರಿನ ಸಾಲಿನಲ್ಲಿ ಮರಾಠಿ ಹೆಂಗಸೊಬ್ಬಳು, "ಬೇಟಿ ಬೋಲ್ತಿ ನಹೀ, ಮಾ ಚುಪ್ ಹೋತಿ ನಹೀ. ಹಿಸಾಬ್ ಬರಾಬರ್!" ಎಂದು, ಮಗಳು ಆಡದ್ದನ್ನೂ ತಾಯಿ ನಿಲ್ಲಿಸದ್ದನ್ನೂ ಲೆಕ್ಕ ಸರಿದೂಗಿಸಿ ಚುಚ್ಚಿದರೆ, ಆಕೆ ಕೊಡ ಎತ್ತುತ್ತ ನನ್ನ ಕಡೆ ತಿರುಗಿ, "ಆಕೀ ಪಾಲಿಂದೂ ನಾನ ಮಾತಾಡಬೇಕಲ್ರೀ ಅಕ್ಕಾರ" ಎಂದು ನಗುತ್ತಿದ್ದಳು.

ಮಧ್ಯಾಹ್ನ ಕಥೆ. ಅವಳೇ ಕಟ್ಟಿದ ಕಥೆ ಅದು. ಊರಿನ ಒಂದು ಎಮ್ಮೆ ಮುಂಬೈ ನೋಡಬೇಕೆಂದು ಹಟ ಹಿಡಿದು ಬಂದು ಲೋಕಲ್ ರೈಲು ಹತ್ತುತ್ತದೆ. ನಮ್ಮ ಕಡೆ ಕಥೆ ಕೇಳುವವರು ಹೂಂ ಅನ್ನಬೇಕು. ಅನ್ನದಿದ್ದರೆ ಹೇಳುವವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. "ಎಮ್ಮಿ ಲೇಡೀಸ್ ಡಬ್ಬಿ ಹತ್ತಿತು" ಎಂದು ಆಕೆ ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತು ಮುಚ್ಚಳ ತಿರುಗುವ ಸದ್ದು. ಆಮೇಲೆ ಸಣ್ಣಗೆ, ಮೂಗಿನಿಂದ ಬಂದಂತೆ, "ಹೂಂ". "ಕೋಡು ಬಾಗಿಲದಾಗ ಸಿಕ್ಕೊಂಡಿತು." "ಹೂಂ." ಯಾರ ಕರೆಗೂ ಓಗೊಡದ ಹುಡುಗಿ ಇದೊಂದನ್ನು ತಪ್ಪಿಸುತ್ತಿರಲಿಲ್ಲ. ಗೋಡೆಯ ಈಚೆ ಅಕ್ಕಿ ಆರಿಸುತ್ತಿದ್ದ ನನ್ನ ಕೈ ಅದಕ್ಕಾಗಿ ನಿಲ್ಲುತ್ತಿತ್ತು.

ಯಾರೋ ಹೇಳಿದರೆಂದು ಆಕೆ ಮಗಳನ್ನು ಸಯನ್ ಕಡೆಯ ಒಂದು ಸೆಂಟರಿಗೆ ಕರೆದುಕೊಂಡು ಹೋಗತೊಡಗಿದಳು. ಅಲ್ಲಿ ಮಾತು ಕಲಿಸುವ ಮೇಡಂ, ಹುಡುಗಿ ಎಷ್ಟು ಶಬ್ದ ಆಡುತ್ತಾಳೆ ಎಂದು ಕೇಳಿದರಂತೆ. ಒಂದೂ ಇಲ್ಲ ಎಂದು ತಾಯಿ ಹೇಳಿದಳಂತೆ. ಹೂಂ ಅನ್ನುವುದನ್ನೂ ಮಾತೆಂದು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಮನೆಯಲ್ಲಿ ಕನ್ನಡ, ಚಾಳಿನಲ್ಲಿ ಮರಾಠಿ, ಹೊರಗೆ ಹಿಂದಿ... ಇಷ್ಟೊಂದು ಭಾಷೆಯಲ್ಲಿ ಮಗು ಗೊಂದಲಕ್ಕೆ ಬಿದ್ದಿದೆ, ಒಂದೇ ಭಾಷೆ ಇರಲಿ, ಮುಂದೆ ಶಾಲೆಗೆ ಬೇಕಾಗುವುದರಿಂದ ಹಿಂದಿಯೇ ಆಗಲಿ ಎಂದು ಮೇಡಂ ಹೇಳಿದರು. ಕೆಟ್ಟವರೇನಲ್ಲ. ಹುಡುಗಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡೇ ಹೇಳಿದರಂತೆ. ಅವರಿಗೂ ಯಾರೋ ಹಾಗೆ ಕಲಿಸಿರಬೇಕು.

ಆಕೆ ಅದನ್ನು ವ್ರತದಂತೆ ಹಿಡಿದಳು. ಗಂಡನಿಗೂ ಮಗಳೆದುರು ಕನ್ನಡ ಬಿಡಿಸಿದಳು. ಅವಳಿಗೆ ಬರುತ್ತಿದ್ದ ಹಿಂದಿಯೆಂದರೆ ಭಾಜಿಯವನ ಜೊತೆ ಚೌಕಾಸಿ ಮಾಡುವಷ್ಟು. ಗೋಡೆಯಾಚೆಯಿಂದ ಈಗ ತುಂಡು ಮಾತುಗಳು ಬರತೊಡಗಿದವು. "ಪಾನಿ ಪೀ." "ಇಧರ್ ಆ." ನಡುವೆ ಉದ್ದಕ್ಕೂ ಮೌನ. ಒಂದು ಮಧ್ಯಾಹ್ನ "ಏಕ್ ಭೈಂಸ್ ಥಾ" ಎಂದು ಶುರು ಮಾಡಿ, ತಡವರಿಸಿ, ಬಿಟ್ಟುಬಿಟ್ಟಳು. ಸಂಜೆ ಗ್ಯಾಲರಿಯಲ್ಲಿ ಬಟ್ಟೆ ಮಡಚುತ್ತ, "ಹಿಂದೀಲೆ ಎಮ್ಮಿ ನಡೀವಲ್ದರೀ ಅಕ್ಕಾರ" ಎಂದು ನಕ್ಕಳು.

"ಕಥೀನರ ಕನ್ನಡದಾಗ ಹೇಳು" ಎಂದೆ.

"ಬ್ಯಾಡ್ರೀ. ನಾಳೆ ನನ್ನಿಂದನ ಕೆಟ್ಟಿತು ಅನ್ನೂಹಂಗ ಆಗಬಾರದು. ಅವ್ವಾ ಅನ್ನೂದೂ ಬ್ಯಾಡ, ಆಕೀ ಒಮ್ಮೆ ಮಮ್ಮೀ ಅಂದ್ರೂ ಸಾಕು ನನಗ."

ಮಮ್ಮೀ ಬರಲಿಲ್ಲ. ಹೂಂ ಕೂಡ ನಿಂತಿತು. ಯಾವಾಗ ನಿಂತಿತೆಂದು ಹೇಳಲಾರೆ... ಕಥೆಯೇ ಇಲ್ಲದ ಮೇಲೆ ಅದು ನಿಂತದ್ದು ಯಾರಿಗೆ ಗೊತ್ತಾಗಬೇಕು?

ಎರಡು ವರ್ಷವಾಗಿರಬೇಕು, ಆ ಸೆಂಟರಿಗೆ ಕಲಿಸಲು ಹೊಸಬಳೊಬ್ಬಳು ಬಂದಳು. ಮನೆಯ ಭಾಷೆ ಬಿಡಿ ಎಂದವರು ಯಾರು, ತಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತಾಡಬೇಕು, ಅದರಿಂದ ಯಾವ ಮಗುವೂ ಕೆಡುವುದಿಲ್ಲ ಎಂದಳಂತೆ. ಅಂದು ತಾಯಿ ಮನೆಗೆ ಬಂದವಳೇ ನನಗೆ ಬಾಗಿಲಲ್ಲೇ ಇಷ್ಟು ಹೇಳಿ, ಮಗಳನ್ನು ಎಳೆದುಕೊಂಡು ಒಳಗೆ ಹೋಗಿ ಕಥೆ ತೆಗೆದಳು. "ಎಮ್ಮಿ ಲೇಡೀಸ್ ಡಬ್ಬಿ ಹತ್ತಿತು" ಎಂದು ನಿಂತಳು. ಮುಚ್ಚಳ ತಿರುಗುವ ಸದ್ದು. ಮತ್ತೆ ಅಂದಳು. ಮತ್ತೆ. ಮುಚ್ಚಳ ಸುತ್ತಿ ಮಲಗಿತು. ನಾನೇ ಹೂಂ ಅಂದುಬಿಡಲೇ ಅನಿಸಿತು. ಆದರೆ ಆಕೆ ಕಾಯುತ್ತಿದ್ದದ್ದು ನನ್ನ ದನಿಗಲ್ಲ. "ಹೂಂ ಅನ್ನವಾ... ಒಮ್ಮೆ ಹೂಂ ಅನ್ನವಾ" ಎನ್ನುತ್ತಲೇ ಇದ್ದಳು.

ಹಲವು ತಿಂಗಳು ಹೇಳಿದಳು. ಅಷ್ಟರಲ್ಲಿ ಚಾಳು ಕೆಡವುತ್ತಾರೆಂದು ಎಲ್ಲರೂ ಮನೆ ಖಾಲಿ ಮಾಡಿದೆವು. ಅವರು ದಹಿಸರ್‌ಗೆ ಹೋದರು, ನಾವು ಸಯನ್‌ಗೆ ಬಂದೆವು. ನಿಮ್ಮ ಅಜ್ಜ ತೀರಿಕೊಂಡಾಗ ಆಕೆ ಮಗಳ ಕೈ ಹಿಡಿದುಕೊಂಡು ಬಂದಿದ್ದಳು. ಹುಡುಗಿ ತಾಯಿಯ ಎತ್ತರಕ್ಕೆ ಬೆಳೆದಿದ್ದಳು. ಇಬ್ಬರೂ ಬಾಗಿಲ ಪಕ್ಕ ಸುಮ್ಮನೆ ಕೂತಿದ್ದು ಹೋದರು. ಅಷ್ಟು ಮಾತಾಡುತ್ತಿದ್ದವಳು...

ನಿನ್ನೆ ಮನಸ್ಸು ತಡೆಯದೆ ಅವರ ಹಳೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವಳ ನಾದಿನಿ. ಹುಡುಗಿಯ ತಾಯಿ ತೀರಿಹೋಗಿ ವರ್ಷವಾಯಿತಂತೆ. ಅಪ್ಪನೊಬ್ಬನಿಗೆ ನೋಡಿಕೊಳ್ಳಲು ಆಗದೆ ಹುಡುಗಿಯನ್ನು ಊರಾಚೆಯ ಒಂದು ಆಶ್ರಮದಲ್ಲಿ ಬಿಟ್ಟಿದ್ದಾರಂತೆ. ಅಲ್ಲಿ ಅವಳ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂದು ಕೇಳಿದೆ.

"ಯಾವುದಾದರೇನ್ರೀ, ಆಕೀಗೆ ಏನ ತಿಳೀತೈತಿ?"

ತಿಳಿಯುತ್ತಿತ್ತು. ಆ ಹೂಂ ನಾನು ಕೇಳಿದ್ದೇನೆ. ಅದನ್ನು ಕೇಳಿದವರಲ್ಲಿ ಇನ್ನು ಉಳಿದಿರುವವಳು ಬಹುಶಃ ನಾನೊಬ್ಬಳೇ. ಫೋನಿನಲ್ಲಿ ಅದನ್ನು ಹೇಗೆ ಹೇಳಬೇಕೋ ತೋಚದೆ, ಆಯಿತು ಎಂದು ಇಟ್ಟುಬಿಟ್ಟೆ.