ಪ್ರಶ್ನೆ ಅವನದು, ಉತ್ತರ ನನ್ನದು

2016ರ ಆಗಸ್ಟ್ ತಿಂಗಳ ಕೊನೆಯ ಶನಿವಾರ ನಾನೂ ನನ್ನ ಗಂಡನೂ ಡಾಲಸ್‌ನಲ್ಲಿ ಸ್ಪ್ಯಾನಿಶ್ ಕ್ಲಾಸಿಗೆ ಸೇರಿದೆವು. ಆಗ ನಮ್ಮ ಮನೆ ಡಾಲಸ್ ಪಕ್ಕದ ಫ್ರಿಸ್ಕೋದಲ್ಲಿ, ಅವನ ಆಫೀಸು ಲಾಸ್ ಕೊಲಿನಾಸ್‌ನಲ್ಲಿ. ಬೆಳಿಗ್ಗೆ ಅವನು ಕಾರು ತೆಗೆದುಕೊಂಡು ಹೊರಟರೆ ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬಳೇ, ಜೊತೆಗೆ ಹೊಸ ಕಾರ್ಪೆಟ್ಟಿನ ವಾಸನೆ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷ ಫಿಸಿಯೋಥೆರಪಿಸ್ಟ್ ಆಗಿದ್ದೆ. ಇಲ್ಲಿ ಮತ್ತೆ ಆ ಕೆಲಸಕ್ಕೆ ಸೇರಬೇಕಾದರೆ ಪರೀಕ್ಷೆ, ಲೈಸೆನ್ಸು ಎಂದು ಉದ್ದದ ದಾರಿಯಿತ್ತು.

ಸ್ಪ್ಯಾನಿಶ್ ಯಾಕೆ ಎಂದರೆ, ನನ್ನ ಮುಖ ನೋಡಿದವರಲ್ಲಿ ಅರ್ಧ ಜನ ಮೆಕ್ಸಿಕೋದವಳು ಎಂದುಕೊಂಡು ಅದರಲ್ಲೇ ಮಾತು ಶುರು ಮಾಡುತ್ತಿದ್ದರು. ತರಕಾರಿ ಅಂಗಡಿಯಲ್ಲಿ ಅಜ್ಜಿಯರು ಮಾವಿನ ಹಣ್ಣು ತೋರಿಸಿ ಏನೋ ಕೇಳುವರು. ನಾನು ನಕ್ಕು ತಲೆಯಾಡಿಸುವೆ. ನಕ್ಕು ನಕ್ಕು ಸಾಕಾಗಿ, ಒಂದು ಸಂಜೆ, "ಕಲಿತೇಬಿಡೋಣ ಕಣೋ," ಎಂದೆ. "ನಾನೂ ಬರ್ತೀನಿ. ಶನಿವಾರ ಮನೇಲಿದ್ರೆ ನೀನು ಬಟ್ಟೆ ಮಡಿಸು ಅಂತೀಯ," ಎಂದ.

ನಮ್ಮ ಟೀಚರ್ ಮೆಕ್ಸಿಕೋದಿಂದ ಬಂದು ನೆಲೆಸಿದ, ಶಾಲೆಯಿಂದ ನಿವೃತ್ತರಾದ ಹೆಂಗಸು. ವಾರಕ್ಕೊಂದು ಸಂಭಾಷಣೆ ಕೊಡುತ್ತಿದ್ದರು. ಹೋಟೆಲಿನಲ್ಲಿ, ಬಸ್ ನಿಲ್ದಾಣದಲ್ಲಿ, ಡಾಕ್ಟರ ಬಳಿ. ಅದರಲ್ಲಿ ಒಬ್ಬರು ಕೇಳಬೇಕು, ಇನ್ನೊಬ್ಬರು ಉತ್ತರ ಕೊಡಬೇಕು. ನಾವಿಬ್ಬರೂ ಪಿಯುಸಿಯಲ್ಲಿ ಕೆಮಿಸ್ಟ್ರಿಯನ್ನು ಬಾಯಿಪಾಠ ಮಾಡಿ ಪಾಸಾದವರು. ಇದನ್ನೂ ಹಾಗೆಯೇ ಹಿಡಿದೆವು. ಕಾರಿನಲ್ಲಿ ಹೋಗುತ್ತಾ ಬರುತ್ತಾ ಒಪ್ಪಿಸುವುದು. ಅವನು ಕೇಳುವುದು, ನಾನು ಉತ್ತರಿಸುವುದು. ಯಾವ ದಿನ ಯಾವ ಪಾಠ, ಎಷ್ಟು ಹೊಸ ಪದ ಎಂದು ನಾನು ಡೈರಿಯಲ್ಲಿ ಬರೆದಿಡುತ್ತಿದ್ದೆ. ಹೊಸ ವರ್ಷದ ಹೊತ್ತಿಗೆ ಪದಗಳ ಲೆಕ್ಕ ಆರುನೂರು ದಾಟಿತ್ತು. ಕ್ಲಾಸಿನಲ್ಲಿ ನಮ್ಮಷ್ಟು ಸಲೀಸಾಗಿ ಒಪ್ಪಿಸುವ ಜೋಡಿ ಇರಲಿಲ್ಲ. ಟೀಚರ್ ನಮ್ಮನ್ನು ಮುಂದೆ ನಿಲ್ಲಿಸಿ ಉಳಿದವರಿಗೆ ತೋರಿಸುತ್ತಿದ್ದರು. ಅದು ನಮಗೆ ಬಹಳ ಇಷ್ಟವಾಗುತ್ತಿತ್ತು.

ಫೆಬ್ರವರಿಯಲ್ಲಿ ಅವನ ಪ್ರಾಜೆಕ್ಟು ಆಸ್ಟಿನ್‌ಗೆ ಹೋಯಿತು. ನಾವು ಅದರ ಪಕ್ಕದ ಫ್ಲೂಗರ್‌ವಿಲ್‌ಗೆ ಶಿಫ್ಟ್ ಆದೆವು, ಅಲ್ಲಿನ ಲೈಬ್ರರಿಯ ಶನಿವಾರದ ಕ್ಲಾಸಿಗೂ ಸೇರಿದೆವು. ಆ ಲೈಬ್ರರಿಯ ಗೋಡೆಯ ಮೇಲೆಯೇ ನಾನು ಆ ಪ್ರಕಟಣೆ ನೋಡಿದ್ದು. ಆಸ್ಟಿನ್‌ನ ಒಂದು ಉಚಿತ ಕ್ಲಿನಿಕ್ಕಿಗೆ ಶನಿವಾರದ ಸ್ವಯಂಸೇವಕರು ಬೇಕಾಗಿದ್ದರು. ಸ್ಪ್ಯಾನಿಶ್ ಮಾತ್ರ ಬಲ್ಲ ರೋಗಿಗಳನ್ನು ಕೂರಿಸಿಕೊಂಡು, ನೋವು ಎಲ್ಲಿ, ಯಾವಾಗಿನಿಂದ, ಏನು ಮಾಡಿದರೆ ಹೆಚ್ಚು ಎಂದು ಕೇಳಿ ಬರೆದುಕೊಂಡು ಅಲ್ಲಿನ ಫಿಸಿಯೋಥೆರಪಿಸ್ಟಿಗೆ ಒಪ್ಪಿಸುವ ಕೆಲಸ. ಸಂಬಳವಿಲ್ಲ. ಆದರೆ ವಾರಕ್ಕೊಮ್ಮೆಯಾದರೂ ನಾನು ರೋಗಿಗಳ ನಡುವೆ ಇರಬಹುದು. ಆಸ್ಪತ್ರೆ ಬಿಟ್ಟು ಒಂದು ವರ್ಷ ಮೀರಿತ್ತು. ನನ್ನ ಕೈಗಳು ಕೆಲಸ ಮರೆಯುತ್ತಿವೆ ಎಂಬ ಭಯ ನನ್ನನ್ನು ಬಿಟ್ಟಿರಲಿಲ್ಲ. ಫೋನ್ ಮಾಡಿದೆ. ಮೂರು ವಾರದ ನಂತರ ಒಂದು ಬೆಳಿಗ್ಗೆ ಬಂದು ಕೆಲಸ ಮಾಡಿ ತೋರಿಸು, ಸರಿಹೋದರೆ ಇಟ್ಟುಕೊಳ್ಳುತ್ತೇವೆ ಎಂದರು.

ಫೋನ್ ಮಾಡಿದ ವಾರದ ಕೊನೆಗೇ ಹ್ಯೂಸ್ಟನ್‌ಗೆ ಹೋಗುವುದಿತ್ತು. ನನ್ನ ಗಂಡನಿಗೆ ದೂರದ ಸಂಬಂಧದ ಅಂಕಲ್ ಆಂಟಿ ಅಲ್ಲಿದ್ದರು. ಧಾರವಾಡದವರು, ಇಬ್ಬರೂ ಡಾಕ್ಟರು, ಆಗ ನಿವೃತ್ತರು. ಊಟಕ್ಕೆ ಕೂತಾಗ ನಾನು ಕ್ಲಿನಿಕ್ಕಿನ ಸುದ್ದಿ ಹೇಳಿದೆ. ಅಂಕಲ್ ಮೂವತ್ತು ವರ್ಷ ರೋಗಿಗಳ ಜೊತೆ ಸ್ಪ್ಯಾನಿಶ್ ಆಡಿದವರು. ರೊಟ್ಟಿ ತಟ್ಟೆಯಲ್ಲಿಟ್ಟು ತಮ್ಮ ಭುಜ ಹಿಡಿದುಕೊಂಡರು.

"ನಾ ಈಗ ಪೇಷಂಟ್. ನೀ ಕೇಳವಾ," ಎಂದವರೇ ಸ್ಪ್ಯಾನಿಶ್‌ನಲ್ಲಿ ನರಳತೊಡಗಿದರು.

ನಾನು ಬಾಯಿ ತೆರೆದೆ. "ಹೌದು, ಸ್ವಲ್ಪ ನೋವಿದೆ, ನಿನ್ನೆಯಿಂದ," ಎಂಬ ಸ್ಪ್ಯಾನಿಶ್ ವಾಕ್ಯ ಅಚ್ಚುಕಟ್ಟಾಗಿ ಹೊರಬಂತು.

"ನೋವು ನನಗವಾ, ನಿನಗಲ್ಲ," ಎಂದರು ಅಂಕಲ್.

ಮತ್ತೆ ಪ್ರಯತ್ನಿಸಿದೆ. ತಲೆಯಲ್ಲಿ ಬರೀ ಉತ್ತರಗಳೇ ಸಾಲಾಗಿ ನಿಂತಿದ್ದವು. ಪಕ್ಕದಿಂದ ನನ್ನ ಗಂಡ, ಚಟ್ನಿಪುಡಿಗೆ ಮೊಸರು ಕಲಸುತ್ತಾ, "ದೋಂದೆ ಲೆ ದುವೆಲೆ?" ಎಂದ. ಎಲ್ಲಿ ನೋಯುತ್ತದೆ ಎಂದರ್ಥ. ಅದರ ಹಿಂದೆಯೇ ಯಾವಾಗಿನಿಂದ, ಜ್ವರ ಇದೆಯೇ ಎಂದು ಎಲ್ಲ ಪ್ರಶ್ನೆಗಳನ್ನೂ ಕೇಳಿ ಮುಗಿಸಿದ.

"ಅಯ್ಯ, ಕ್ಲಿನಿಕ್ಕಿಗೆ ಹೋಗಾಕಿ ನೀನೋ, ನಿನ್ನ ಗಂಡನೋ?" ಎಂದರು ಆಂಟಿ.

ಅಂಕಲ್ ಅವನ ಕಡೆ ತಿರುಗಿ, ನಿನಗೇನು ತೊಂದರೆ ಎಂದು ಸ್ಪ್ಯಾನಿಶ್‌ನಲ್ಲಿ ಕೇಳಿದರು. ಅವನು ಸ್ವಲ್ಪ ಯೋಚಿಸಿ, "ನಿಮಗೆ?" ಎಂದು ಅದೇ ಭಾಷೆಯಲ್ಲಿ ಕೇಳಿದ.

ಆಂಟಿ ನೀರು ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ನಕ್ಕರು. "ಇಬ್ಬರ್ನೂ ಕೂಡಿಸಿದ್ರ ಒಬ್ಬ ಮನಷ್ಯಾ ಆಗ್ತಾನ ನೋಡ್ರಿ," ಎಂದರು ಅಂಕಲ್. ನಾನೂ ನಕ್ಕೆ, ಆದರೆ ಮುಂದಿನ ರೊಟ್ಟಿ ಬೇಡವೆಂದೆ.

ವಾಪಸು ಬರುವಾಗ ಕಾರಿನಲ್ಲಿ ಜಗಳವಾಯಿತು.

"ಯಾವಾಗ್ಲೂ ಕೇಳೋ ಪಾರ್ಟ್ ನೀನೇ ತಗೊಂಡೆ."

"ನೀನೇ ತಾನೆ, ನೀನ್ ಶುರು ಮಾಡು, ನಂಗೆ ನಾಚಿಕೆ ಅಂದಿದ್ದು?"

"ಅದು ಮೊದಲನೇ ದಿನ ಕಣೋ!"

"ಮತ್ತೆ ಎರಡನೇ ದಿನ ಹೇಳ್ಬೇಕಿತ್ತು."

ದಾರಿಯಲ್ಲಿ ಬ್ರೆನ್ಹಮ್ ಎಂಬ ಊರು ದಾಟುವ ಹೊತ್ತಿಗೆ ಜಗಳ ಮುಗಿದಿತ್ತು. ಸ್ವಲ್ಪ ದೂರ ಹೋದ ಮೇಲೆ ಅವನು ಸ್ಟಿಯರಿಂಗ್ ಹಿಡಿದ ಹಾಗೆಯೇ ಹಣೆ ಸುಕ್ಕು ಮಾಡಿ ನರಳಿದ. ನಾನು ಗಾಬರಿಯಾಗಿ, "ಏನಾಯ್ತು?" ಎಂದೆ.

"ಕನ್ನಡದಲ್ಲಿ ಕೇಳಿದ್ರೆ ಹೇಳಲ್ಲ," ಎಂದ.

ಅಂದಿನಿಂದ ಅವನು ರೋಗಿ. ಆಫೀಸಿನಿಂದ ಬಂದು ಶೂ ಬಿಚ್ಚುವಾಗಲೇ ದಿನಕ್ಕೊಂದು ಹೊಸ ನೋವು. ಸೋಮವಾರ ಸೊಂಟ, ಮಂಗಳವಾರ ಹಿಮ್ಮಡಿ. ಮೊದಮೊದಲು ಪಾಪ, ಉತ್ತರವೇ ಬರುತ್ತಿರಲಿಲ್ಲ. ಮಂಡಿಯ ಬಗ್ಗೆ ಕೇಳಿದರೆ ಹೋಟೆಲಿನ ಪಾಠದಿಂದ "ಖಾರ ಬೇಡ" ಎಂದು ಹೇಳಿಬಿಡುತ್ತಿದ್ದ. ಆಮೇಲೆ ಹುಮ್ಮಸ್ಸು ಹತ್ತಿತು. ಪುಸ್ತಕದ ಹಾಗೆ ಉತ್ತರ ಕೊಡಬೇಡ, ರೋಗಿಗಳು ಹಾಗೆ ಮಾತಾಡುವುದಿಲ್ಲ ಎಂದು ನಾನೇ ಹೇಳಿದೆ. ಅಷ್ಟೇ ಸಾಕಾಯಿತು. ಅತ್ತೆಯ ಮೇಲೆ ದೂರು, ಮಾಲೀಕನ ಮೇಲೆ ಸಿಟ್ಟು, ನಡುವೆ ಎಲ್ಲೋ ಒಂದು ಕುತ್ತಿಗೆ ನೋವು. ಅದನ್ನು ನಾನು ಹೆಕ್ಕಿ ತೆಗೆಯಬೇಕು. ಅಡುಗೆ ತಡವಾದರೂ ಆ ಎರಡು ವಾರ ಮನೆಯಲ್ಲಿ ನಗುವಿಗೆ ಕೊರತೆಯಿರಲಿಲ್ಲ.

ಕ್ಲಿನಿಕ್ಕಿನಲ್ಲಿ ನನ್ನ ಮುಂದೆ ಕೂತ ಮೊದಲ ರೋಗಿ ಎಪ್ಪತ್ತು ದಾಟಿದ ಅಜ್ಜಿ. ಫಿಸಿಯೋಥೆರಪಿಸ್ಟ್ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು. ನಾನು ನಮಸ್ಕಾರ ಹೇಳಿ, "ದೋಂದೆ ಲೆ ದುವೆಲೆ?" ಎಂದೆ. ಅಜ್ಜಿ ನನ್ನ ಕೈ ಹಿಡಿದು ತನ್ನ ಬಲಭುಜದ ಮೇಲಿಟ್ಟುಕೊಂಡಳು. ಆಮೇಲೆ ಮಾತಾಡತೊಡಗಿದಳು. ಮಗಳು, ಮೊಮ್ಮಗು, ಮೆಟ್ಟಿಲು, ಬಟ್ಟೆಯ ಬುಟ್ಟಿ; ಅರ್ಧ ತಿಳಿಯಿತು, ಅರ್ಧ ಹಾರಿಹೋಯಿತು. ಅಂಗಡಿಯಲ್ಲಾಗಿದ್ದರೆ ನಕ್ಕು ತಲೆಯಾಡಿಸುತ್ತಿದ್ದೆನೇನೋ. ಇಲ್ಲಿ ಹಾಗೆ ಮಾಡುವಂತಿರಲಿಲ್ಲ. ಮತ್ತೆ ಕೇಳಿದೆ: ಯಾವಾಗಿನಿಂದ? ಕ್ರಿಸ್‌ಮಸ್‌ನಿಂದ. ಕೈ ಎತ್ತಿದರೆ? ಎತ್ತಿ ತೋರಿಸಿದಳು, ಕಿವಿಯ ಮಟ್ಟಕ್ಕೆ ಬರುವ ಮೊದಲೇ ಮುಖ ಕಿವುಚಿದಳು. ರಾತ್ರಿ ಯಾವ ಮಗ್ಗುಲಲ್ಲಿ ಮಲಗುತ್ತೀರಿ? ಆ ಪ್ರಶ್ನೆ ಯಾವ ಪಾಠದಲ್ಲೂ ಇರಲಿಲ್ಲ. ವಾಕ್ಯ ಸರಿಯಾಗಿತ್ತೋ ಇಲ್ಲವೋ, ಅಜ್ಜಿಗೆ ಅರ್ಥವಾಯಿತು. ನನ್ನ ಬೆರಳುಗಳಿಗೂ ಅಷ್ಟರಲ್ಲಿ ಎಲ್ಲಿ ಒತ್ತಿ ನೋಡಬೇಕೆಂದು ನೆನಪಾಗಿತ್ತು.

ಐದು ರೋಗಿಗಳಾದ ಮೇಲೆ ಫಿಸಿಯೋಥೆರಪಿಸ್ಟ್ ನಾನು ಬರೆದದ್ದನ್ನೆಲ್ಲ ಓದಿದಳು. "ಸ್ಪ್ಯಾನಿಶ್ ಇನ್ನೂ ಕಲಿಯಬೇಕು. ಮುಂದಿನ ಶನಿವಾರ ಎಂಟೂವರೆಗೆ ಬಾ," ಎಂದಳು.

ಅವನು ಪಾರ್ಕಿಂಗ್‌ನಲ್ಲಿ ಕಾರಿಗೆ ಒರಗಿ ನಿಂತಿದ್ದ. ನನ್ನ ಮುಖ ನೋಡಿ ಅವನಿಗೆ ಗೊತ್ತಾಯಿತು. ಆದರೂ ಕೇಳಿದ.

"ಏನಂದ್ರು?"

"ಇನ್ಮೇಲೆ ಶನಿವಾರ ನೀನೊಬ್ಬನೇ ಕ್ಲಾಸಿಗೆ ಹೋಗ್ಬೇಕು."

"ಒಬ್ಬನೇನಾ? ಮತ್ತೆ ಉತ್ತರ ಯಾರು ಹೇಳ್ತಾರೆ?"

"ನೀನೇ ಹೇಳ್ಕೋ," ಎಂದು ಕಾರಿನ ಕೀಗೆ ಕೈಚಾಚಿದೆ. ಅವತ್ತು ಮನೆಯವರೆಗೂ ನಾನೇ ಡ್ರೈವ್ ಮಾಡಿದೆ.